ಓದುಗರ ಪ್ರಶ್ನೆ: ಈಜುಕೊಳದಿಂದ ಮೇಯರ್ ಕುರ್ಚಿಗೆ

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಈಜಿ ಪದಕ ಗೆದ್ದವರು ಮುಂದೆ ನಗರಪಾಲಿಕೆಗೆ ಆರಿಸಿ ಬಂದು ಮೇಯರ್ ಆದದ್ದುಂಟೆ? (ದಾವಣಗೆರೆಯ ಓದುಗರು)

ಉತ್ತರ: ಉಂಟು. ಆಸ್ಟ್ರೇಲಿಯಾದ ಫ್ರಾಂಕ್ ಬೋರ್‌ಪೇರ್. 1891ರ ಮೇ 13ರಂದು ಮೆಲ್ಬರ್ನ್‌ನಲ್ಲಿ ಹುಟ್ಟಿದ ಇವರು 1908ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಹದಿನೇಳರ ಹುಡುಗ. 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಬೆಳ್ಳಿ, 1500 ಮೀಟರ್‌ನಲ್ಲಿ ಕಂಚು ತಂದರು. ಆಮೇಲೆ 1920ರ ಆಂಟ್‌ವರ್ಪ್, 1924ರ ಪ್ಯಾರಿಸ್ ಎರಡರಲ್ಲೂ 1500 ಮೀಟರ್‌ಗೆ ಕಂಚು, ನಾಲ್ವರು ತಲಾ 200 ಮೀಟರ್ ಈಜುವ 4×200 ರಿಲೇಗೆ ಬೆಳ್ಳಿ. ಒಟ್ಟು ಆರು ಪದಕ. ಚಿನ್ನ ಮಾತ್ರ ಒಲಿಯಲಿಲ್ಲ.

1928ರಲ್ಲಿ ಮೆಲ್ಬರ್ನ್ ನಗರಪಾಲಿಕೆಯ ಸದಸ್ಯರಾದರು. 1940ರಿಂದ 1942ರವರೆಗೆ ಲಾರ್ಡ್ ಮೇಯರ್. 1942ರಲ್ಲಿ 'ಸರ್' ಪದವಿ ಬಂತು. ಅದೇ ವರ್ಷ ವಿಕ್ಟೋರಿಯಾ ರಾಜ್ಯದ ಮೇಲ್ಮನೆಗೆ ಆಯ್ಕೆಯಾಗಿ 1952ರವರೆಗೆ ಅಲ್ಲಿದ್ದರು.

ಇನ್ನೊಂದು ವಿಷಯ. ಆಂಟ್‌ವರ್ಪ್ ರಿಲೇಯಲ್ಲಿ ಬೋರ್‌ಪೇರ್ ತಂಡವನ್ನು ಹಿಂದೆ ಹಾಕಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಹವಾಯಿಯ ಡ್ಯೂಕ್ ಕಹನಮೊಕು ಇದ್ದರು. ಅವರೂ ಮುಂದೆ ಚುನಾವಣೆ ಗೆದ್ದು ಹೊನೊಲುಲು ನಗರದ ಶೆರಿಫ್ ಆದರು. ಒಂದೇ ಓಟದಲ್ಲಿ ಈಜಿದ ಇಬ್ಬರು ಎರಡು ನಗರಗಳ ಆಡಳಿತಕ್ಕೆ ಬಂದರು ಅನ್ನಿ.

ಪ್ರಶ್ನೆ: ನನ್ನ ಮಗ 1500 ಮೀಟರ್ ಈಜುತ್ತಾನೆ. ಆ ಕಾಲದವರ ಸಮಯವನ್ನು ಈಗಿನವರ ಜೊತೆ ಹೋಲಿಸಬಹುದೆ? ಅವರಿಂದ ಕಲಿಯುವಂಥದ್ದೇನಾದರೂ ಇದೆಯೆ? (ಮಂಗಳೂರಿನ ಓದುಗರು)

ಉತ್ತರ: ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. 1908ರಲ್ಲಿ ಬೋರ್‌ಪೇರ್ ತೆಗೆದುಕೊಂಡ ಸಮಯ 22 ನಿಮಿಷ 56.2 ಸೆಕೆಂಡ್, ಅಂದರೆ ಪ್ರತಿ 100 ಮೀಟರಿಗೆ ಸುಮಾರು 1 ನಿಮಿಷ 32 ಸೆಕೆಂಡ್. 1924ರಲ್ಲಿ, 33ನೇ ವಯಸ್ಸಿನಲ್ಲಿ, 21 ನಿಮಿಷ 48.4 ಸೆಕೆಂಡ್. ಹದಿನಾರು ವರ್ಷ ಕಳೆದ ಮೇಲೆ ಒಂದು ನಿಮಿಷಕ್ಕೂ ಹೆಚ್ಚು ಬೇಗ ಮುಗಿಸಿದ್ದಾರೆ. ಆದರೆ ಎರಡೂ ಕೊಳ ಒಂದೇ ಥರ ಇರಲಿಲ್ಲ. ಲಂಡನ್‌ನಲ್ಲಿ ಓಟದ ಕ್ರೀಡಾಂಗಣದ ನಡುವೆಯೇ 100 ಮೀಟರ್ ಉದ್ದದ ಕೊಳ ಕಟ್ಟಿದ್ದರು. ಹದಿನೈದು ಉದ್ದ, ಹದಿನಾಲ್ಕೇ ತಿರುವು. ಪ್ಯಾರಿಸ್‌ನದು 50 ಮೀಟರ್ ಕೊಳ: ಮೂವತ್ತು ಉದ್ದ, ಇಪ್ಪತ್ತೊಂಬತ್ತು ತಿರುವು. ಪ್ರತಿ ತಿರುವಿನಲ್ಲೂ ಗೋಡೆಯನ್ನು ಕಾಲಿನಿಂದ ಒದ್ದು ಮುನ್ನುಗ್ಗುವ ಲಾಭ ಸಿಗುತ್ತದೆ. ಇದೇ ಕಾರಣಕ್ಕೆ ನಿಮ್ಮ ಮಗ 50 ಮೀಟರ್ ಕೊಳದಲ್ಲಿ ತೆಗೆದ ಸಮಯವನ್ನು 25 ಮೀಟರ್ ಕೊಳದ ಸಮಯಕ್ಕೆ ಹೋಲಿಸಿ ಬೇಸರಪಡಬಾರದು. ಈಗಿನ ಪಲ್ಟಿ ತಿರುವೂ ಆಗ ಇರಲಿಲ್ಲ. ಕೈಯಿಂದ ಗೋಡೆ ಮುಟ್ಟಿ ತಿರುಗುತ್ತಿದ್ದರು. ಕಣ್ಣಿಗೆ ಗಾಗಲ್ಸ್ ಇರಲಿಲ್ಲ.

ಕಲಿಯಬೇಕಾದದ್ದು ವೇಗ ಹಂಚಿಕೊಳ್ಳುವುದನ್ನು. ಗುರಿ 20 ನಿಮಿಷ ಅಂದುಕೊಳ್ಳಿ: ಪ್ರತಿ 100 ಮೀಟರಿಗೆ 1 ನಿಮಿಷ 20 ಸೆಕೆಂಡ್ ಬೀಳುತ್ತದೆ. ಡೈವ್ ಇರುವುದರಿಂದ ಮೊದಲ ನೂರನ್ನು ಎರಡು ಮೂರು ಸೆಕೆಂಡ್ ಬೇಗ ಮುಗಿಸಿದರೆ ತಪ್ಪಿಲ್ಲ. ಎಂಟು ಸೆಕೆಂಡ್ ಬೇಗ ಮುಗಿಸಿದರೆ ಆರುನೂರು, ಏಳುನೂರು ಮೀಟರ್ ಹೊತ್ತಿಗೆ ಭುಜ ಕಟ್ಟಿಕೊಳ್ಳುತ್ತದೆ, ಕೈ ಬೀಸು ಗಿಡ್ಡವಾಗುತ್ತದೆ, ಅಷ್ಟೇ ದೂರಕ್ಕೆ ಹೆಚ್ಚು ಬೀಸು ಬೇಕಾಗುತ್ತದೆ. ಕೊಳದ ಅಂಚಿನಲ್ಲಿ ನಿಂತು ಒಂದೊಂದು ಉದ್ದಕ್ಕೆ ಎಷ್ಟು ಬೀಸು ಎಂದು ಎಣಿಸಿ. 50 ಮೀಟರ್ ಕೊಳದಲ್ಲಿ ಮೊದಲು 38 ಇದ್ದದ್ದು ನಡುವೆ 43 ಆದರೆ ಶುರುವಿನಲ್ಲೇ ಆತುರಪಟ್ಟಿದ್ದಾನೆ ಎಂದು ತಿಳಿಯಿರಿ. ಗಡಿಯಾರಕ್ಕಿಂತ ಮೊದಲೇ ಈ ಎಣಿಕೆ ವಿಷಯ ಹೇಳಿಬಿಡುತ್ತದೆ.

ಪ್ರಶ್ನೆ: 1908ರ ನಂತರ ನೇರ 1920? ನಡುವೆ 1912ರ ಒಲಿಂಪಿಕ್ಸ್ ಇತ್ತಲ್ಲ? (ಧಾರವಾಡದ ಓದುಗರು)

ಉತ್ತರ: ಬೋರ್‌ಪೇರ್ ಅವರನ್ನು ಸೇರಿಸಿಕೊಳ್ಳಲಿಲ್ಲ. ವಿಕ್ಟೋರಿಯಾದ ಶಿಕ್ಷಣ ಇಲಾಖೆಯಲ್ಲಿ ಸಂಬಳಕ್ಕೆ ಈಜು ಕಲಿಸುತ್ತಿದ್ದರು. ಆಗಿನ ನಿಯಮದಂತೆ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ. ಈಜಿನಿಂದ ದುಡ್ಡು ಮುಟ್ಟಿದವರು ವೃತ್ತಿಪರರು. ಸ್ಪರ್ಧೆಯಲ್ಲಿ ಬಹುಮಾನದ ಹಣ ತೆಗೆದುಕೊಳ್ಳುವುದಕ್ಕೂ ಶಾಲೆಯ ಮಕ್ಕಳಿಗೆ ನೀರಿನಲ್ಲಿ ಮುಳುಗದಿರುವುದನ್ನು ಕಲಿಸುವುದಕ್ಕೂ ಆ ನಿಯಮ ವ್ಯತ್ಯಾಸ ಮಾಡಲಿಲ್ಲ. ಅನ್ನಕ್ಕಾಗಿ ದುಡಿಯಬೇಕಾದವರನ್ನು ಹೊರಗಿಟ್ಟು ಉಳ್ಳವರಿಗೆ ಅನುಕೂಲ ಮಾಡಿದ ನಿಯಮ ಅದು, ಅನ್ಯಾಯವೇ ಸರಿ. ಮುಂದೆ ಮಹಾಯುದ್ಧ ಬಂದು 1916ರ ಕ್ರೀಡೆಯೂ ನಡೆಯಲಿಲ್ಲ. ಇಪ್ಪತ್ತೊಂದರಿಂದ ಇಪ್ಪತ್ತೈದರವರೆಗಿನ ಒಳ್ಳೆಯ ವಯಸ್ಸು ಹೀಗೆ ಕಳೆಯಿತು. ಯುದ್ಧಭೂಮಿಯಲ್ಲಿ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಸೇವೆಯಲ್ಲಿದ್ದಾಗ, ಕಂದಕಗಳಲ್ಲಿದ್ದವರಿಗೆ ಹೇನಿನಿಂದ ಹರಡುತ್ತಿದ್ದ ಕಂದಕ ಜ್ವರವೂ ಹಿಡಿಯಿತು. ಅದರಿಂದ ಎದ್ದು ಆಂಟ್‌ವರ್ಪ್‌ನಲ್ಲಿ ಪದಕ ಗೆದ್ದರು.

ಪ್ರಶ್ನೆ: ಶಾರ್ಕ್ ದಾಳಿಯಿಂದ ಅವರ ವ್ಯಾಪಾರ ಶುರುವಾಯಿತು ಎನ್ನುತ್ತಾರೆ. ನಿಜವೆ? (ತುಮಕೂರಿನ ಓದುಗರು)

ಉತ್ತರ: ನಿಜ. 1922ರ ಫೆಬ್ರುವರಿಯಲ್ಲಿ ಸಿಡ್ನಿಯ ಕೂಜಿ ಕಡಲತೀರದಲ್ಲಿ ಈಜುತ್ತಿದ್ದ ಯುವಕನ ಮೇಲೆ ಶಾರ್ಕ್ ಎರಗಿತು. ಜ್ಯಾಕ್ ಚಾಮರ್ಸ್ ಎಂಬವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೊದಲು ನೀರಿಗೆ ಹಾರಿದರು, ಬೋರ್‌ಪೇರ್ ಹಿಂದೆಯೇ ಹೋದರು. ಗಾಯಾಳುವನ್ನು ಹಿಡಿದುಕೊಂಡರೆ ಈಜಲು ಕೈ ಉಳಿಯುವುದಿಲ್ಲ. ದಡದಲ್ಲಿದ್ದವರು ಎಳೆದುಕೊಳ್ಳಲು ಹಗ್ಗ ಬೇಕೇ ಬೇಕು. ಯುವಕನನ್ನು ದಡಕ್ಕೆ ತಂದರೂ ಜೀವ ಉಳಿಯಲಿಲ್ಲ. ಆ ಸಾಹಸಕ್ಕೆ ಬೋರ್‌ಪೇರ್‌ಗೆ ಸುಮಾರು 500 ಪೌಂಡ್ ಬಂತು. ಅದನ್ನೇ ಬಂಡವಾಳ ಮಾಡಿ ಟೈರ್ ವ್ಯಾಪಾರಕ್ಕೆ ಇಳಿದರು. ರಸ್ತೆಗೆ ಕಾರುಗಳು ಬರತೊಡಗಿದ್ದ ಕಾಲ, ವ್ಯಾಪಾರ ಕೈಹಿಡಿಯಿತು. 1933ರಲ್ಲಿ ಒಲಿಂಪಿಕ್ ಹೆಸರಿನ ಟೈರ್ ಕಾರ್ಖಾನೆ ಕಂಪನಿಯನ್ನೇ ಕಟ್ಟಿದರು.

ಪ್ರಶ್ನೆ: ಮೇಯರ್ ಆಗಿ ಊರಿಗೆ ಮಾಡಿದ್ದೇನು? (ಮೈಸೂರಿನ ಓದುಗರು)

ಉತ್ತರ: ನಿಮ್ಮೂರಿನ ಪಾಲಿಕೆಯಂತೆ ಅಲ್ಲೂ ಆಗ ಮೇಯರ್‌ರನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ಸದಸ್ಯರು ಆರಿಸುತ್ತಿದ್ದರು. ನೇರ ಚುನಾವಣೆ ಬಂದದ್ದು 2001ರಲ್ಲಿ. ಇವರ ಅವಧಿಯೆಲ್ಲ ಯುದ್ಧಕಾಲ. ಆದ್ದರಿಂದ ಅವರ ದೊಡ್ಡ ಕೆಲಸವನ್ನು ಮೇಯರ್ ಕುರ್ಚಿಯಲ್ಲಿ ಹುಡುಕಬೇಡಿ, ಆಮೇಲಿನ ವರ್ಷಗಳಲ್ಲಿ ಹುಡುಕಿ.

ಯುದ್ಧ ಮುಗಿದೊಡನೆ 1956ರ ಒಲಿಂಪಿಕ್ಸನ್ನು ಮೆಲ್ಬರ್ನ್‌ಗೆ ತರಬೇಕೆಂದು ಪಟ್ಟು ಹಿಡಿದರು. ಅಡ್ಡಿಗಳು ಸಣ್ಣವಲ್ಲ. ಅಲ್ಲಿಯವರೆಗೆ ದಕ್ಷಿಣಾರ್ಧಗೋಳದಲ್ಲಿ ಒಲಿಂಪಿಕ್ಸ್ ಒಮ್ಮೆಯೂ ನಡೆದಿರಲಿಲ್ಲ. ಅಲ್ಲಿ ಬೇಸಿಗೆ ಶುರುವಾಗುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಯುರೋಪಿನವರು ತಮ್ಮ ಋತು ಮುಗಿದ ಮೇಲೂ ತಿಂಗಳುಗಟ್ಟಲೆ ತಾಲೀಮು ಮುಂದುವರಿಸಬೇಕು. ದಾರಿ ದೂರ, ಖರ್ಚು ಹೆಚ್ಚು. ಬೋರ್‌ಪೇರ್ 1948ರಲ್ಲಿ ಲಂಡನ್‌ಗೆ ಹೋಗಿ ಬೆಂಬಲ ಕೇಳಿದರು. 1949ರ ಏಪ್ರಿಲ್ 28ರಂದು ರೋಮ್‌ನಲ್ಲಿ ನಡೆದ ಕೊನೆಯ ಸುತ್ತಿನಲ್ಲಿ ಮೆಲ್ಬರ್ನ್‌ಗೆ 21 ಮತ, ಬ್ಯೂನಸ್ ಐರಿಸ್‌ಗೆ 20.

ಗೆದ್ದ ಮೇಲೆ ತಲೆನೋವು ಶುರುವಾಯಿತು. ಮುಖ್ಯ ಕ್ರೀಡಾಂಗಣ ಯಾವುದಾಗಬೇಕೆಂದು ವರ್ಷಗಟ್ಟಲೆ ಜಗಳ ನಡೆದು ಕೊನೆಗೆ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ ಒಪ್ಪಿದರು. ಹೊರಗಿನ ಕುದುರೆಗಳ ಮೇಲಿದ್ದ ಕ್ವಾರಂಟೈನ್ ನಿಯಮ ಸಡಿಲಿಸಲು ಸರ್ಕಾರ ಒಪ್ಪಲಿಲ್ಲ. ಹೀಗಾಗಿ ಕುದುರೆ ಸವಾರಿಯ ಸ್ಪರ್ಧೆಗಳು ಜೂನ್‌ನಲ್ಲೇ ಸ್ಟಾಕ್‌ಹೋಮ್‌ನಲ್ಲಿ ನಡೆದವು. ಮತ ಗೆಲ್ಲುವ ಮುಂಚೆಯೇ ಬಿಡಿಸಿಕೊಳ್ಳಬೇಕಿದ್ದ ಗಂಟು ಅದು.

ಕ್ರೀಡೆ ನವೆಂಬರ್ 22ಕ್ಕೆ ಆರಂಭವಾಯಿತು. ಭಾರತಕ್ಕೆ ಹಾಕಿಯಲ್ಲಿ ಚಿನ್ನ, ಫುಟ್‌ಬಾಲ್‌ನಲ್ಲಿ ನಾಲ್ಕನೇ ಸ್ಥಾನ ಬಂದದ್ದು ಅಲ್ಲೇ. ಬೋರ್‌ಪೇರ್ ಅದನ್ನು ನೋಡಲಿಲ್ಲ. ಮೇ 29ರಂದೇ ತೀರಿಕೊಂಡಿದ್ದರು. ಅವರು ಲಂಡನ್‌ನಲ್ಲಿ ಪದಕ ಗೆದ್ದ ಅದೇ ಎರಡು ದೂರಗಳಲ್ಲಿ, 400 ಮತ್ತು 1500 ಮೀಟರ್‌ಗಳಲ್ಲಿ, ಮೆಲ್ಬರ್ನ್‌ನ ಹೊಸ ಕೊಳದಲ್ಲಿ ಚಿನ್ನ ಗೆದ್ದವರು ಆಸ್ಟ್ರೇಲಿಯಾದ ಮರ್ರೆ ರೋಸ್. ಅವರಿಗೂ ಆಗ ಹದಿನೇಳು ವರ್ಷ.