ನಾಲ್ಕು ಭಾಷೆ, ಒಂದೇ ವಿಚಾರಣೆ

ಪ್ರಶ್ನೆ: ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆದಾಗ ಅವರ ಜರ್ಮನ್ ಮಾತು ಬೇರೆ ದೇಶದ ನ್ಯಾಯಾಧೀಶರಿಗೆ ಹೇಗೆ ಅರ್ಥವಾಗುತ್ತಿತ್ತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೆಡ್‌ಫೋನ್ ಮೂಲಕ! 1945ರ ನವೆಂಬರ್ 20ಕ್ಕೆ ಶುರುವಾದ ಆ ವಿಚಾರಣೆ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕರಲ್ಲೂ ಒಟ್ಟಿಗೇ ಸಾಗಿತು. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಅನುವಾದ ಮಾಡುತ್ತಾ ಕೂತರೆ ಕೇಸು ಮುಗಿಯುವುದು ಯಾವಾಗ ಅಲ್ವಾ, ಅದಕ್ಕೇ ಐಬಿಎಂ ಕಂಪನಿಯ ಉಪಕರಣ ಜೋಡಿಸಿ, ಮಾತು ನಡೆಯುತ್ತಿರುವಾಗಲೇ ಅನುವಾದ ಹೇಳಲು ಆರೋಪಿಗಳ ಕಟಕಟೆಯ ಪಕ್ಕದಲ್ಲೇ ದುಭಾಷಿಗಳನ್ನು ಕೂರಿಸಿದರು. ಮಾತಿನ ವೇಗ ಜಾಸ್ತಿಯಾದರೆ ಹಳದಿ ದೀಪ ಹತ್ತುತ್ತಿತ್ತು. ಕೆಂಪು ದೀಪ ಬಂದರೆ ಮಾತು ನಿಲ್ಲಿಸಲೇಬೇಕು.

ಆದರೆ ಯಂತ್ರಕ್ಕಿಂತ ಆ ಮನುಷ್ಯರದ್ದೇ ದೊಡ್ಡ ಕೆಲಸ. ಆರೋಪಿ ‘ನಾನು’ ಅಂದರೆ ಇವರೂ ‘ನಾನು’ ಅಂತಲೇ ಹೇಳಬೇಕು, ಸಿಟ್ಟು, ಅಳು ಯಾವುದೂ ದನಿಯಲ್ಲಿ ಕಾಣಬಾರದು. ನಾಜಿಗಳು ಜನರನ್ನು ಕೂಡಿಹಾಕಿ ಕೊಂದ ಕ್ಯಾಂಪುಗಳ ಕಥೆ ಕೇಳಲಾಗದೆ ಕೆಲವರು ಆ ಕೆಲಸವನ್ನೇ ಬಿಡಬೇಕಾಯಿತು. ಇದರಲ್ಲಿ ತಪ್ಪೇನಿದೆ? ಕೋರ್ಟಿಗೆ ಮುಂಚಿನ ತನಿಖೆಯಲ್ಲಿ, ಆರೋಪಿಗಳಲ್ಲೊಬ್ಬನಾದ ಹಿಟ್ಲರನ ಬಲಗೈ ಬಂಟ ಗೋರಿಂಗ್ ಎದುರು ದುಭಾಷಿಯಾಗಿ ಕೂತ ರಿಚರ್ಡ್ ಸೊನ್ನೆನ್‌ಫೆಲ್ಟ್, ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಹೋಗಿದ್ದ ಯಹೂದಿ ಹುಡುಗ. ಆಗಿನ್ನೂ 22 ವರ್ಷ. ಇಂಥವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲೂ ಬರಬೇಕು.