ಗುಡ್ಡ ಒಂದು, ಊರು ಮೂರು

ಪ್ರಶ್ನೆ: ಒಂದೇ ಗುಡ್ಡದ ಸುತ್ತ ನಮ್ಮ ಮೂರು ಊರುಗಳಿವೆ. ನಮ್ಮ ಗ್ರಾಮ ಅರಣ್ಯ ಸಮಿತಿ ಸಸಿ ನೆಡುತ್ತದೆ, ಪಕ್ಕದೂರಿನ ಕೆರೆ ಸಂಘ ಹೂಳೆತ್ತಿಸುತ್ತದೆ, ಮೂರನೆಯ ಊರಿನ ಯುವಕರು ಗೋಮಾಳದ ಒತ್ತುವರಿಯ ವಿರುದ್ಧ ಹೋರಾಡುತ್ತಿದ್ದಾರೆ. ಎಲ್ಲರೂ ಒಂದಾದರೆ ಭೂಮಿ ನಿಜವಾಗಿ ಉಳಿಯುತ್ತದೆಯೇ, ಸಭೆಗಳಷ್ಟೇ ಹೆಚ್ಚುತ್ತವೆಯೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಉಳಿಯುತ್ತದೆ, ಆದರೆ ಎಲ್ಲರಿಗೂ ಸ್ವಲ್ಪ ನಷ್ಟವಾಗುವಂಥ ಕಟ್ಟುಪಾಡುಗಳನ್ನು ಕೂಡಿ ಕುಳಿತು ಒಪ್ಪಿಕೊಂಡರೆ ಮಾತ್ರ. ನೀವು ಗುಡ್ಡದ ನಿಮ್ಮ ಬದಿಯಲ್ಲಿ ಮೇಯಿಸುವುದನ್ನು ನಿಲ್ಲಿಸಿದರೆ ನಿಮ್ಮೂರಿನ ಮೇಕೆಗಳು ಆಚೆ ಬದಿಗೆ ಹೋಗುತ್ತವೆ; ಅಲ್ಲಿ ಹುಲ್ಲಿನ ಬೇರೂ ಉಳಿಯದೆ ಸಡಿಲಗೊಂಡ ಮಣ್ಣು ಮುಂಗಾರಿನಲ್ಲಿ ಕೊಚ್ಚಿಬಂದು, ಪಕ್ಕದೂರಿನವರು ಈಗಷ್ಟೇ ಹೂಳೆತ್ತಿದ ಕೆರೆಯನ್ನು ಮತ್ತೆ ತುಂಬುತ್ತದೆ.

ರಾಜಸ್ಥಾನದ ಅಲ್ವರ್ ಜಿಲ್ಲೆಯ ಅರ್ವರಿ ಕಣಿವೆಯವರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿನ ಹಳ್ಳಿಗಳು 1980ರ ದಶಕದಿಂದ ರಾಜೇಂದ್ರ ಸಿಂಗ್ ಅವರ ತರುಣ್ ಭಾರತ್ ಸಂಘದೊಂದಿಗೆ ಸೇರಿ, ಇಳಿಜಾರಿನ ನೀರನ್ನು ತಡೆದು ಇಂಗಿಸುವ ಜೋಹಡ್ ಎಂಬ ಮಣ್ಣಿನ ಏರಿಗಳನ್ನು ಕಟ್ಟಿದವು. ನದಿ ಹುಟ್ಟುವ ಬೆಟ್ಟದಲ್ಲಿರುವ ಭಾಂವತಾ ಮತ್ತು ಕೋಲ್ಯಾಲಾ ಎಂಬ ನೆರೆಯ ಊರುಗಳು ಏರಿಯ ಮೇಲಿನ ಕಾಡನ್ನೂ ಕೂಡಿಯೇ ಕಾಯ್ದು, 1995ರಲ್ಲಿ ಅದನ್ನು ಭೈರವ ದೇವರ ಹೆಸರಿನಲ್ಲಿ ಜನರದೇ ಅಭಯಾರಣ್ಯವೆಂದು ಸಾರಿದವು. ಬತ್ತಿದ್ದ ನದಿ ಮತ್ತೆ ಹರಿಯಿತು. ಕಷ್ಟದ ಪ್ರಶ್ನೆ ಎದ್ದದ್ದು ಆಮೇಲೆ: ಬಂದ ನೀರು ಯಾರದು? ಹೊರಗಿನವರಿಗೆ ಮೀನು ಹಿಡಿಯುವ ಗುತ್ತಿಗೆ ದೊರೆತಾಗ ಹಳ್ಳಿಗಳು ಒಟ್ಟಾಗಿ ಎದುರಿಸಿ ನಿಂತವು. 1999ರಲ್ಲಿ ಸುಮಾರು 70 ಹಳ್ಳಿಗಳ ಪ್ರತಿನಿಧಿಗಳು ಸೇರಿ ಅರ್ವರಿ ಸಂಸತ್ತನ್ನು ಕಟ್ಟಿದರು. ಅದಕ್ಕೆ ಕಾನೂನಿನ ಅಧಿಕಾರವಿಲ್ಲ. ಆದರೂ ಹೆಚ್ಚು ನೀರು ಬೇಡುವ ಕಬ್ಬು ಮತ್ತು ಭತ್ತ ಬೇಡವೆಂದು ಅದು ತೀರ್ಮಾನಿಸಿತು. ಲಾಭದ ಬೆಳೆಯನ್ನೇ ಬಿಡುವಷ್ಟು ದೂರ ಹೋಗಿದ್ದರಿಂದಲೇ ನಾನು ಆ ಒಕ್ಕೂಟವನ್ನು ಮೆಚ್ಚುತ್ತೇನೆ.

ನಿಮಗೆ ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಗುಡ್ಡವನ್ನು ಒಟ್ಟಾಗಿ ಕಾಯುವ ಒಪ್ಪಂದವನ್ನು ಅದರ ನಡಾವಳಿಯಲ್ಲಿ ಬರೆಸಿ. ಊರೊಟ್ಟಿನ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಒಂದು ಊರಿನ ಯುವಕರ ಅರ್ಜಿಗಿಂತ, ಸರ್ವೆ ನಕ್ಷೆ ಲಗತ್ತಿಸಿದ ಮೂರು ಗ್ರಾಮಸಭೆಗಳ ಠರಾವಿಗೆ ತಹಶೀಲ್ದಾರರ ಕಚೇರಿಯಲ್ಲಿ ತೂಕ ಹೆಚ್ಚು.

ಮೊದಲ ಸಭೆಗೆ ಸಂಘಗಳ ಅಧ್ಯಕ್ಷರ ಜೊತೆಗೆ ಜಮೀನಿಲ್ಲದೆ ಮೇಕೆ ಸಾಕುವ ಮನೆಯವರನ್ನೂ, ವಿಶೇಷವಾಗಿ ಹೆಂಗಸರನ್ನು, ತಪ್ಪದೆ ಕರೆಯಿರಿ. ಗುಡ್ಡ ಮುಚ್ಚಿದರೆ ಮೊದಲ ಪೆಟ್ಟು ಬೀಳುವುದು ಅವರಿಗೆ. ಯಾವ ಬದಿಯನ್ನು ಯಾವ ತಿಂಗಳು ಮೇಯಲು ಬಿಡಬಹುದೆಂದು ಸರಿಯಾಗಿ ಹೇಳಬಲ್ಲವರೂ ಅವರೇ.