ಯುವಿಕಾನಾ, ಫೌಂಡೇಶನ್ ಕ್ಲಾಸಾ?

ಒಂಬತ್ತನೇ ಮುಗಿಸಿದ ಮಗಳಿಗೆ ಇಸ್ರೋ ಶಾಲಾ ಮಕ್ಕಳಿಗೆ ನಡೆಸುವ ಬಾಹ್ಯಾಕಾಶ ವಿಜ್ಞಾನ ಶಿಬಿರ ಯುವಿಕಾದಲ್ಲಿ ಸೀಟು ಸಿಕ್ಕಿದೆ, ಆದರೆ ಉಡುಪಿಯಲ್ಲಿ ನೀಟ್ ಫೌಂಡೇಶನ್ ಕ್ಲಾಸಿಗೆ ಅಡ್ವಾನ್ಸ್ ಕಟ್ಟಿಯಾಗಿದೆ, ಯಾವುದಕ್ಕೆ ಕಳಿಸಲಿ ಅಂತ ಕೇಳಿದ್ದೀರಿ. ಅಡ್ವಾನ್ಸ್ ಹೋದರೆ ಹೋಗಲಿ ಮಾರಾಯ್ರೆ, ಯುವಿಕಾಕ್ಕೆ ಕಳಿಸಿ.

2019ರಲ್ಲಿ ಶುರುವಾದ ಈ ಶಿಬಿರ ಒಂಬತ್ತನೇ ಕ್ಲಾಸಿನವರಿಗೆ ಮಾತ್ರ, ಮುಂದಿನ ವರ್ಷ ನೋಡುವ ಅಂದರೆ ಆಗುವುದಿಲ್ಲ. ಎಂಟನೆಯ ಅಂಕ, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ ಎಲ್ಲ ನೋಡಿ ಆರಿಸುತ್ತಾರೆ. ಹಳ್ಳಿ ಶಾಲೆಯವರಿಗೆ ಸ್ವಲ್ಪ ಆದ್ಯತೆಯೂ ಉಂಟು. ಸುಮಾರು ಎರಡು ವಾರ ಇಸ್ರೋ ಕೇಂದ್ರದಲ್ಲೇ ಇರುವುದು. ಊಟ, ವಸತಿ, ಪ್ರಯಾಣ ಎಲ್ಲ ಅವರದ್ದೇ ಖರ್ಚು.

ಫೌಂಡೇಶನ್ ಕ್ಲಾಸು ವರ್ಷವಿಡೀ ಸಿಗುತ್ತದೆ. ನನ್ನ ಮಗನನ್ನೂ ಒಂದಕ್ಕೆ ಹಾಕಿದ್ದೆ. ಏಪ್ರಿಲಿನ ಸೆಕೆಯಲ್ಲಿ ತಿಂಗಳಿಡೀ ಬೋರ್ಡಿನಲ್ಲಿದ್ದದ್ದನ್ನು ಇಳಿಸಿಕೊಂಡು ಬಂದ. ಆ ನೋಟ್ಸಿನಲ್ಲಿ ಹೊಡೆದು ಹಾಕಿದ ಗೆರೆ ಒಂದೂ ಇಲ್ಲ! ತಾನಾಗಿ ಲೆಕ್ಕ ಮಾಡಿದ್ದರೆ ಎಲ್ಲಾದರೂ ತಪ್ಪಬೇಕಿತ್ತಲ್ಲ?

ಒಂದೇ ತೊಡಕು: ಶಿಬಿರ ನಡೆಯುವ ಮೇಯಲ್ಲೇ ಹತ್ತನೆಯವರಿಗೆ ಸ್ಪೆಷಲ್ ಕ್ಲಾಸ್ ಇಡುವ ಶಾಲೆಗಳುಂಟು. ಹೆಡ್ಮಾಸ್ಟರಿಗೆ ಈಗಲೇ ಒಂದು ಪತ್ರ ಕೊಟ್ಟಿಡಿ. ಹೊರಡುವ ಮೊದಲು ಬಿಡುವಾದರೆ ಮಂಗಳೂರಿನ ಪಿಲಿಕುಳದ ತಾರಾಲಯಕ್ಕೂ ಒಮ್ಮೆ ಕರಕೊಂಡು ಹೋಗಿ.